ನಿಮಗಿದು ಗೊತ್ತೇ? ತಲೆ ದಣಿದ ಸುದ್ದಿ ಮೊದಲು ಬೆರಳಿಗೆ!

ಆಫೀಸಿನಲ್ಲಿ ದಿನವಿಡೀ ಕೂತೇ ಇರುತ್ತೀರಿ. ಮೂಟೆ ಹೊತ್ತಿಲ್ಲ, ಮಣ್ಣು ಅಗೆದಿಲ್ಲ. ಆದರೂ ಸಂಜೆಗೆ ತಲೆ ಓಡುವುದಿಲ್ಲ. ಈ ದಣಿವನ್ನು ಅಳೆಯಬಹುದು ಎಂದರೆ ನಂಬುತ್ತೀರಾ? ಅದೂ ಕೈಯಲ್ಲಿರುವ ಮೊಬೈಲಿನಲ್ಲೇ! ಬನ್ನಿ, ಒಂದೊಂದಾಗಿ ನೋಡೋಣ.

ನಮ್ಮ ಮಾತು ನಂಬುವ ಹಾಗಿಲ್ಲ!

ಮೊದಲ ಅಚ್ಚರಿ ಇದು. ದಣಿದವರಿಗೆ ತಾವು ದಣಿದಿದ್ದೇವೆ ಎಂಬುದೇ ಸರಿಯಾಗಿ ತಿಳಿಯುವುದಿಲ್ಲ! ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಆರೋಗ್ಯವಂತ ವಯಸ್ಕರಿಗೆ 14 ದಿನ ರಾತ್ರಿ ಆರು ಗಂಟೆ ಅಥವಾ ಅದಕ್ಕಿಂತ ಕಡಿಮೆ ನಿದ್ದೆ ಕೊಟ್ಟು ನೋಡಿದರು. ಕೊನೆಗೆ ಅವರ ಚುರುಕುತನ ಒಂದೆರಡು ರಾತ್ರಿ ಕಣ್ಣೇ ಮುಚ್ಚದವರ ಮಟ್ಟಕ್ಕೆ ಇಳಿದಿತ್ತು. ಅವರನ್ನೇ ಕೇಳಿದರೆ? 'ಸ್ವಲ್ಪ ನಿದ್ದೆ ಬಂದ ಹಾಗಿದೆ, ಅಷ್ಟೆ' ಎಂಬ ಧಾಟಿಯ ಉತ್ತರ! 2003ರಲ್ಲಿ ಪ್ರಕಟವಾದ ಈ ಫಲಿತಾಂಶ ಇಂದಿಗೂ ಎಲ್ಲರ ಬಾಯಲ್ಲಿದೆ.

ಸತತ 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಹೊಂದಾಣಿಕೆ ರಕ್ತದಲ್ಲಿ ಶೇ. 0.05 ಮದ್ಯ ಸೇರಿದವರ ಹಾಗಿರುತ್ತದೆ! 1997ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ತೋರಿಸಿಕೊಟ್ಟದ್ದು. ನಮ್ಮ ದೇಶದಲ್ಲಿ ವಾಹನ ಚಾಲಕರಿಗೆ ಕಾನೂನಿನ ಮಿತಿ ಶೇ. 0.03. ಬೆಳಿಗ್ಗೆ ಆರಕ್ಕೆ ಎದ್ದು ರಾತ್ರಿ ಹನ್ನೊಂದಕ್ಕೆ ಗಾಡಿ ತೆಗೆಯುವವರೇ, ಲೆಕ್ಕ ಹಾಕಿಕೊಳ್ಳಿ!

ತಲೆಯ ದಣಿವು ಬರೀ ನೆಪವಲ್ಲ, ರಸಾಯನ! ಪ್ಯಾರಿಸಿನ ವಿಜ್ಞಾನಿಗಳು ಜನರಿಗೆ ಆರು ಗಂಟೆಗೂ ಹೆಚ್ಚು ಹೊತ್ತು ತಲೆ ತಿನ್ನುವ ಕೆಲಸ ಕೊಟ್ಟು ಮಿದುಳನ್ನು ಸ್ಕ್ಯಾನ್ ಮಾಡಿದರು. ಹಣೆಯ ಹಿಂದಿನ ಭಾಗದಲ್ಲಿ ಗ್ಲುಟಮೇಟ್ ಎಂಬ ರಾಸಾಯನಿಕ ಶೇಖರವಾಗಿತ್ತು. ಸುಲಭದ ಕೆಲಸ ಮಾಡಿದವರಲ್ಲಿ ಅಷ್ಟು ಕಾಣಲಿಲ್ಲ. ಇದು 2022ರ ಸುದ್ದಿ!

ತಲೆ ದಣಿದರೆ ಕಾಲೂ ಸೋಲುತ್ತದೆ! 2009ರ ಒಂದು ಪ್ರಯೋಗದಲ್ಲಿ ಜನರನ್ನು 90 ನಿಮಿಷ ಕಂಪ್ಯೂಟರ್ ಮುಂದೆ ಗಮನ ಬೇಡುವ ಕೆಲಸಕ್ಕೆ ಕೂರಿಸಿ, ಆಮೇಲೆ ಸೈಕಲ್ ತುಳಿಸಿದರು. ಎದೆಬಡಿತದಲ್ಲಿ, ಉಸಿರಾಟದಲ್ಲಿ ಏನೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಆದರೂ ಸುಮಾರು 750 ಸೆಕೆಂಡ್ ತುಳಿಯುತ್ತಿದ್ದವರು 640 ಸೆಕೆಂಡಿಗೇ ಕೈಚೆಲ್ಲಿದರು. ಸಂಜೆ ಆಫೀಸಿನಿಂದ ಬಂದು ಜಿಮ್‌ಗೆ ಹೋಗಲು ಮನಸ್ಸಾಗದಿದ್ದರೆ ಸೋಮಾರಿತನ ಎಂದು ಬೈದುಕೊಳ್ಳಬೇಡಿ!

ಮೊಬೈಲ್ ಹುಟ್ಟುವ ಮೊದಲೇ!

ದಣಿವನ್ನು ಅಳೆಯುವ ಹುಚ್ಚು ನಿನ್ನೆ ಮೊನ್ನೆಯದಲ್ಲ. ಇಟಲಿಯ ಟ್ಯೂರಿನ್ ನಗರದ ಏಂಜೆಲೋ ಮೊಸ್ಸೋ 1880ರ ದಶಕದಲ್ಲೇ ಒಂದು ಯಂತ್ರ ಕಟ್ಟಿದ. ಮುಂಗೈಯನ್ನು ಅಲುಗಾಡದಂತೆ ಬಿಗಿಯುವುದು. ನಡುಬೆರಳಿಗೆ ದಾರ, ದಾರದ ತುದಿಗೆ ತೂಕ. ಬೆರಳು ಮಡಿಸಿದಾಗಲೆಲ್ಲ ತೂಕ ಮೇಲೇರುತ್ತದೆ, ಮಸಿ ಹಿಡಿಸಿದ ಉರುಳೆಯ ಮೇಲೆ ಮುಳ್ಳು ಗೆರೆ ಎಳೆಯುತ್ತದೆ. ಬೆರಳು ಸೋಲುತ್ತಾ ಬಂದ ಹಾಗೆ ಗೆರೆಯೂ ಗಿಡ್ಡವಾಗುತ್ತದೆ!

ಮಜಾ ಇನ್ನು ಮುಂದಿದೆ. ಮೊಸ್ಸೋನ ಸಹೋದ್ಯೋಗಿಯೊಬ್ಬರು ಗಂಟೆಗಟ್ಟಲೆ ವಿದ್ಯಾರ್ಥಿಗಳ ಮೌಖಿಕ ಪರೀಕ್ಷೆ ನಡೆಸಿ ಬಂದು ಆ ಯಂತ್ರಕ್ಕೆ ಬೆರಳು ಕೊಟ್ಟರು. ಕೈಯಿಂದ ಏನೂ ಕೆಲಸ ಮಾಡಿಲ್ಲ, ಬರೀ ಪ್ರಶ್ನೆ ಕೇಳಿದ್ದಾರೆ. ಆದರೂ ಬೆರಳಿನ ಬಲ ಕುಸಿದಿತ್ತು! 1891ರಲ್ಲಿ ಮೊಸ್ಸೋ ದಣಿವಿನ ಮೇಲೆ ಒಂದು ಇಡೀ ಪುಸ್ತಕವನ್ನೇ ಬರೆದ.

ಈಗ ಒಬ್ಬ ಛಲಗಾತಿಯ ಕತೆ. ಜಪಾನಿನ ತ್ಸುರು ಅರಾಯ್ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮಾನಸಿಕ ದಣಿವಿನ ಮೇಲೆ ಸಂಶೋಧನೆಗೆ ಕೂತರು. ಪ್ರಯೋಗಕ್ಕೆ ಸಿಕ್ಕಿದ್ದು ಯಾರು? ಅವರೇ! ನಾಲ್ಕಂಕಿಯ ಸಂಖ್ಯೆಯನ್ನು ನಾಲ್ಕಂಕಿಯ ಸಂಖ್ಯೆಯಿಂದ ಮನಸ್ಸಿನಲ್ಲೇ ಗುಣಿಸುವುದು. ದಿನಕ್ಕೆ ಹತ್ತಿರ ಹತ್ತಿರ ಹನ್ನೆರಡು ಗಂಟೆ. ಅದೂ ನಾಲ್ಕು ದಿನ ಬಿಡದೆ! ದಿನದ ಕೊನೆಗೆ ಒಂದೊಂದು ಲೆಕ್ಕಕ್ಕೂ ಹೆಚ್ಚುಕಮ್ಮಿ ದುಪ್ಪಟ್ಟು ಸಮಯ ಹಿಡಿಯುತ್ತಿತ್ತು. 1912ರಲ್ಲಿ ಅವರಿಗೆ ಪಿಎಚ್‌.ಡಿ. ಬಂತು. ಆ ಪದವಿ ಪಡೆದ ಮೊದಲ ಜಪಾನಿ ಮಹಿಳೆ ಅವರೇ!

ಜಪಾನಿನಲ್ಲಿ ಇನ್ನೊಂದು ಪರೀಕ್ಷೆ ಈಗಲೂ ಚಾಲ್ತಿಯಲ್ಲಿದೆ. ಒಂದಂಕಿಯ ಸಂಖ್ಯೆಗಳನ್ನು ಕೂಡುತ್ತಾ ಹೋಗಬೇಕು, ಅಷ್ಟೇ! 15 ನಿಮಿಷ ಕೂಡು, 5 ನಿಮಿಷ ಬಿಡುವು, ಮತ್ತೆ 15 ನಿಮಿಷ ಕೂಡು. ನಿಮಿಷಕ್ಕೆ ಎಷ್ಟು ಕೂಡಿದಿರಿ ಎಂಬ ಗೆರೆ ಏರಿಳಿಯುವ ಬಗೆಯಲ್ಲೇ ನಿಮ್ಮ ದಣಿವಿನ ಜಾತಕ ಬಿಚ್ಚಿಕೊಳ್ಳುತ್ತದೆ. ಜರ್ಮನಿಯ ಕ್ರೆಪೆಲಿನ್ ಹಾಕಿದ ದಾರಿಯಲ್ಲಿ ಜಪಾನಿನ ಉಚಿದಾ ರೂಪಿಸಿದ ಈ ಪರೀಕ್ಷೆಯನ್ನು ರೈಲು ಓಡಿಸುವವರಿಗೂ ಕೊಡುತ್ತಾರೆ!

ನೋಡುತ್ತಾ ಕೂರುವುದೂ ದಣಿವೇ! ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಬ್ರಿಟಿಷ್ ವಾಯುಪಡೆಯ ರಡಾರ್ ಸಿಬ್ಬಂದಿ ಪರದೆಯ ಮೇಲಿನ ಚುಕ್ಕೆಗಳನ್ನು ಗಮನಿಸದೆ ಬಿಡುತ್ತಿದ್ದರು. ಕಾರಣ ಹುಡುಕಲು ನಾರ್ಮನ್ ಮ್ಯಾಕ್‌ವರ್ತ್ ಒಂದು ಗಡಿಯಾರ ಮಾಡಿದ. ಅದರ ಮುಳ್ಳು ಯಾವಾಗಲೋ ಒಮ್ಮೆ ಎರಡು ಹೆಜ್ಜೆ ಒಟ್ಟಿಗೆ ಜಿಗಿಯುತ್ತದೆ. ಅದನ್ನು ಹಿಡಿಯಬೇಕು. ಮೊದಲ ಅರ್ಧ ಗಂಟೆ ದಾಟುತ್ತಿದ್ದಂತೆ ಹಿಡಿಯುವ ಪ್ರಮಾಣ ಶೇ. 10ರಿಂದ 15ರಷ್ಟು ಬಿದ್ದುಹೋಯಿತು. ಬರೀ ಅರ್ಧ ಗಂಟೆ!

ಮೂರು ನಿಮಿಷದ ಆಟ!

ಈಗ ಮೊಬೈಲಿಗೆ ಬರೋಣ. ದಣಿವು ಅಳೆಯುವ ಆ್ಯಪ್‌ಗಳಲ್ಲಿ ಹೆಸರಾದ ಪರೀಕ್ಷೆ ಎಷ್ಟು ಸರಳ ಗೊತ್ತೇ? ಖಾಲಿ ಪರದೆ. ದಿಟ್ಟಿಸುತ್ತಾ ಕೂರುತ್ತೀರಿ. ಇದ್ದಕ್ಕಿದ್ದಂತೆ ಅಂಕಿಗಳು ಓಡತೊಡಗುತ್ತವೆ. ಕಂಡ ತಕ್ಷಣ ಬೆರಳು ಒತ್ತಬೇಕು. ಅಂಕಿ ಅಲ್ಲೇ ನಿಲ್ಲುತ್ತದೆ, 247 ಎಂದೋ 310 ಎಂದೋ ತೋರಿಸುತ್ತದೆ. ನೀವು ತೆಗೆದುಕೊಂಡ ಮಿಲಿಸೆಕೆಂಡ್ ಅದು! ಮುಂದಿನದು ಯಾವಾಗ ಬರುತ್ತದೋ ಗೊತ್ತಿಲ್ಲ. ಕಾಯುವುದು, ಒತ್ತುವುದು, ಮತ್ತೆ ಕಾಯುವುದು. ಇಷ್ಟೇ!

ಇದರ ಹೆಸರು ಪಿವಿಟಿ. 1985ರಲ್ಲಿ ಡೇವಿಡ್ ಡಿಂಜಸ್ ಮತ್ತು ಜಾನ್ ಪೊವೆಲ್ ರೂಪಿಸಿದ್ದು. ಮೂಲ ಪರೀಕ್ಷೆ ಹತ್ತು ನಿಮಿಷದ್ದು. 500 ಮಿಲಿಸೆಕೆಂಡ್, ಅಂದರೆ ಅರ್ಧ ಸೆಕೆಂಡ್ ದಾಟಿದರೆ ಅದನ್ನು 'ಜಾರಿದ್ದು' ಎಂದು ಲೆಕ್ಕ ಹಿಡಿಯುತ್ತಾರೆ. ಕಣ್ಣು ತೆರೆದೇ ಇದೆ, ಆದರೆ ಮಿದುಳು ಅರೆಕ್ಷಣ ಅಲ್ಲಿಲ್ಲ!

ಈ ಆಟ ಬಾಹ್ಯಾಕಾಶಕ್ಕೂ ಹೋಗಿ ಬಂದಿದೆ! ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಗಗನಯಾತ್ರಿಗಳು ಇದರ ಮೂರು ನಿಮಿಷದ ಚಿಕ್ಕ ರೂಪವನ್ನು ಆಡಿದ್ದಾರೆ. ಭೂಮಿಯಿಂದ ಸುಮಾರು 400 ಕಿ.ಮೀ. ಮೇಲೆ, ತೇಲುತ್ತಾ!

ಇನ್ನೂ ಖುಷಿಯ ವಿಷಯ ಕೇಳಿ. ನಾಸಾದ ದಣಿವಿನ ಪ್ರಯೋಗಾಲಯ ಇದೇ ಪರೀಕ್ಷೆಯನ್ನು ಐಫೋನ್, ಐಪ್ಯಾಡ್‌ಗಳಿಗೆ ಆ್ಯಪ್ ಮಾಡಿ ಬಿಟ್ಟಿದೆ. ಹೆಸರು 'ನಾಸಾ ಪಿವಿಟಿ ಪ್ಲಸ್'. ಬೆಲೆ? ಉಚಿತ!

ಬೆರಳು ಹೇಳುವ ಗುಟ್ಟು!

ಪರೀಕ್ಷೆಯೇ ಬೇಡ, ನೀವು ಟೈಪ್ ಮಾಡುವುದೇ ಸಾಕು! ಅಮೆರಿಕದ ಎಂಐಟಿ ಸಂಶೋಧಕರು ಸ್ವಯಂಸೇವಕರಿಂದ ಹಗಲಿನಲ್ಲಿ ಒಮ್ಮೆ, ನಡುರಾತ್ರಿ ನಿದ್ದೆಯಿಂದ ಎಬ್ಬಿಸಿ ಒಮ್ಮೆ ಟೈಪ್ ಮಾಡಿಸಿದರು. ಏನು ಬರೆದರು ಎಂದು ನೋಡಲೇ ಇಲ್ಲ. ಒಂದೊಂದು ಕೀಲಿಯನ್ನು ಎಷ್ಟು ಹೊತ್ತು ಒತ್ತಿ ಹಿಡಿದರು ಎಂಬುದನ್ನಷ್ಟೇ ಅಳೆದರು. ಹಗಲಿನ ಬೆರಳಿಗೂ ನಿದ್ದೆಗಣ್ಣಿನ ಬೆರಳಿಗೂ ವ್ಯತ್ಯಾಸ ಎದ್ದು ಕಂಡಿತು! 2015ರಲ್ಲಿ ಪ್ರಕಟವಾದ ಈ ಉಪಾಯವನ್ನು ಮುಂದೆ ಪಾರ್ಕಿನ್ಸನ್ ಕಾಯಿಲೆಯ ಸುಳಿವು ಹಿಡಿಯಲೂ ಬಳಸಿದರು.

ನೀವು ಗೂಗಲ್‌ನಲ್ಲೋ ಬಿಂಗ್‌ನಲ್ಲೋ ಏನೋ ಹುಡುಕುತ್ತೀರಿ ಅಲ್ಲವೇ? ಅದರಲ್ಲೂ ದಣಿವಿನ ಗುರುತಿದೆ! ಬಿಂಗ್ ಬಳಸುವ 31,000ಕ್ಕೂ ಹೆಚ್ಚು ಜನರ ನಿದ್ದೆಯ ಲೆಕ್ಕವನ್ನು ಅವರ ಟೈಪಿಂಗ್ ಮತ್ತು ಕ್ಲಿಕ್ಕಿನ ವೇಗದ ಜೊತೆ ಇಟ್ಟು 2017ರಲ್ಲಿ ಹೋಲಿಸಿದರು. ಸತತ ಎರಡು ರಾತ್ರಿ ಆರು ಗಂಟೆಗಿಂತ ಕಡಿಮೆ ಮಲಗಿದವರ ಬೆರಳು ಎಷ್ಟು ದಿನ ಮಂದವಾಗಿತ್ತು, ಊಹಿಸಿ. ಒಂದು ದಿನ? ಎರಡು ದಿನ? ಅಲ್ಲ, ಆರು ದಿನ!

ಚಿಕಾಗೋದ ಇಲಿನಾಯ್ ವಿಶ್ವವಿದ್ಯಾಲಯದ 'ಬೈಅಫೆಕ್ಟ್' ಎಂಬ ಆ್ಯಪ್ ನಿಮ್ಮ ಫೋನಿನ ಕೀಬೋರ್ಡನ್ನೇ ಬದಲಿಸುತ್ತದೆ. ಎಷ್ಟು ವೇಗವಾಗಿ ಒತ್ತಿದಿರಿ, ಎಷ್ಟು ಸಲ ಅಳಿಸಿದಿರಿ, ಬರೆಯುವಾಗ ಫೋನ್ ಎಷ್ಟು ಅಲುಗಿತು, ಇವೇ ಅದಕ್ಕೆ ಬೇಕು. ಬರೆದ ಮಾತುಗಳು ಬೇಡವೇ ಬೇಡ! ಮನಸ್ಸಿನ ಏರಿಳಿತ ತಿಳಿಯಲು ಹುಟ್ಟಿದ ಆ್ಯಪ್ ಇದು.

ಬೆರಳ ತುದಿಯನ್ನು ಫೋನಿನ ಹಿಂದಿನ ಕ್ಯಾಮೆರಾ ಮತ್ತು ಫ್ಲ್ಯಾಶ್ ಮೇಲೆ ಇಟ್ಟು ನೋಡಿ. ಪರದೆ ಪೂರಾ ಕೆಂಪು! ಎದೆ ಒಮ್ಮೆ ಬಡಿದಾಗ ಬೆರಳಿಗೆ ರಕ್ತ ನುಗ್ಗುತ್ತದೆ, ಆ ಕೆಂಪು ಒಂದು ಚೂರು ಮಬ್ಬಾಗುತ್ತದೆ. ಮರುಕ್ಷಣ ಮತ್ತೆ ತಿಳಿಯಾಗುತ್ತದೆ. ನಮ್ಮ ಕಣ್ಣಿಗೆ ಕಾಣದ ಆ ವ್ಯತ್ಯಾಸವನ್ನು ಆ್ಯಪ್ ಎಣಿಸುತ್ತದೆ. ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವಿನ ಅಂತರ ಎಷ್ಟು ಹೆಚ್ಚುಕಮ್ಮಿ ಆಗುತ್ತಿದೆ ಎಂದು ಲೆಕ್ಕ ಹಾಕಿ, ಮೈಮನಗಳ ಮೇಲಿನ ಒತ್ತಡ ಅಂದಾಜು ಮಾಡುತ್ತದೆ. ಬೆಳಕಿನಿಂದ ನಾಡಿ ನೋಡುವ ಈ ವಿದ್ಯೆ 1930ರ ದಶಕದ್ದು, ಹೊಸದೇನೂ ಅಲ್ಲ!

ಕಣ್ಣು ಮುಚ್ಚಾಲೆ!

ಸುಮ್ಮನೆ ಕೂತಾಗ ನೀವು ನಿಮಿಷಕ್ಕೆ ಎಷ್ಟು ಸಲ ರೆಪ್ಪೆ ಬಡಿಯುತ್ತೀರಿ? 1993ರಲ್ಲಿ ಜಪಾನಿನ ವೈದ್ಯರು ಆಫೀಸು ಕೆಲಸಗಾರರಲ್ಲಿ ಎಣಿಸಿದರು. ಆರಾಮಾಗಿದ್ದಾಗ 22. ಪುಸ್ತಕ ಓದುವಾಗ 10. ಕಂಪ್ಯೂಟರ್ ನೋಡುವಾಗ ಬರೀ 7! ಸಂಜೆಗೆ ಕಣ್ಣು ಉರಿಯುವುದು ಸುಮ್ಮನೆ ಅಲ್ಲ.

ದಣಿದಾಗ ಇದಕ್ಕೆ ತದ್ವಿರುದ್ಧ. ರೆಪ್ಪೆ ಇಳಿಯುತ್ತದೆ, ಇಳಿದದ್ದು ಬೇಗ ಏಳುವುದಿಲ್ಲ! ಕಣ್ಣುಪಾಪೆಯ ಶೇ. 80ರಷ್ಟು ಭಾಗವನ್ನು ರೆಪ್ಪೆ ಎಷ್ಟು ಹೊತ್ತು ಮುಚ್ಚಿತ್ತು ಎಂದು ಅಳೆಯುವ ವಿಧಾನಕ್ಕೆ ಪರ್ಕ್ಲೋಸ್ ಎಂದು ಹೆಸರು. 1990ರ ದಶಕದಲ್ಲಿ ಅಮೆರಿಕದಲ್ಲಿ ವಾಹನ ಚಾಲಕರಿಗಾಗಿ ಬೆಳೆದದ್ದು. ಇವತ್ತು ಫೋನಿನ ಸೆಲ್ಫಿ ಕ್ಯಾಮೆರಾವೇ ಅದನ್ನು ಅಳೆಯಬಲ್ಲದು!

ಆಸ್ಟ್ರೇಲಿಯಾದ ಗಣಿಗಳಲ್ಲಿ ದೈತ್ಯ ಲಾರಿ ಓಡಿಸುವವರ ಟೋಪಿಯೊಳಗೆ ಒಂದು ಪಟ್ಟಿ ಕೂತಿರುತ್ತದೆ. 'ಸ್ಮಾರ್ಟ್‌ಕ್ಯಾಪ್' ಅಂತ ಹೆಸರು. ಅದು ಓದುವುದು ಮಿದುಳಿನ ಅಲೆಗಳನ್ನು! ತೂಕಡಿಕೆ ಹತ್ತಿರ ಬಂದರೆ ಎಚ್ಚರಿಕೆ ಕೂಗುತ್ತದೆ. ಟೋಪಿಯೇ ಕಾವಲುಗಾರ!

ಕೇಳಿದರೆ ಹೇಳುವಿರಾ?

ಎಲ್ಲ ಆ್ಯಪ್‌ಗಳೂ ಹೀಗೆ ಕದ್ದು ನೋಡುವುದಿಲ್ಲ. ಕೆಲವು ನೇರವಾಗಿ ಕೇಳುತ್ತವೆ. 1990ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿದ ಕರೋಲಿನ್ಸ್ಕಾ ಅಳತೆಗೋಲಿನಲ್ಲಿ ಒಂಬತ್ತು ಮೆಟ್ಟಿಲು. ಒಂದು ಎಂದರೆ ಪೂರ್ತಿ ಚುರುಕು. ಒಂಬತ್ತು ಎಂದರೆ ನಿದ್ದೆಯ ಜೊತೆ ಗುದ್ದಾಟ! ಒಂದು ಅಂಕಿ ಒತ್ತಿದರೆ ಮುಗಿಯಿತು.

ವಿಮಾನದ ಪೈಲಟ್‌ಗಳಿಗೆಂದೇ ಆ್ಯಪ್ ಇದೆ! 'ಕ್ರ್ಯೂಅಲರ್ಟ್' ಅದರ ಹೆಸರು. ಡ್ಯೂಟಿ ಪಟ್ಟಿ, ಮಲಗಿದ ಹೊತ್ತು ತುಂಬಿದರೆ ಹಾರಾಟದ ವೇಳೆಗೆ ಎಷ್ಟು ಚುರುಕಾಗಿರುತ್ತೀರಿ ಎಂದು ಮೊದಲೇ ಅಂದಾಜು ಕೊಡುತ್ತದೆ. ದಣಿಯುವ ಮೊದಲೇ ದಣಿವಿನ ಮುನ್ಸೂಚನೆ!

ನಾಸಾ 1988ರಲ್ಲಿ ಕೇಳಿದ ಆರು ಪ್ರಶ್ನೆಗಳು ಇಂದಿಗೂ ಹಳತಾಗಿಲ್ಲ. ತಲೆಗೆಷ್ಟು ಕೆಲಸ? ಮೈಗೆಷ್ಟು? ಅವಸರ ಎಷ್ಟು? ಎಷ್ಟು ಚೆನ್ನಾಗಿ ಮಾಡಿದಿರಿ? ಎಷ್ಟು ಶ್ರಮ ಬಿತ್ತು? ಕಿರಿಕಿರಿ ಎಷ್ಟು? ಇದಕ್ಕೂ ನಾಸಾ ಆ್ಯಪ್ ಮಾಡಿದೆ. ಕಿರಿಕಿರಿಯನ್ನೂ ಅಳೆಯಬಹುದು ನೋಡಿ!

ಫೋನ್ ಆಗಾಗ 'ಈಗ ಹೇಗಿದ್ದೀರಿ?' ಎಂದು ಕೇಳುವ ಉಪಾಯ ಸ್ಮಾರ್ಟ್‌ಫೋನಿಗಿಂತ ಹಳೆಯದು! 1970ರ ದಶಕದಲ್ಲೇ ಮಿಹಾಯ್ ಚಿಕ್‌ಸೆಂಟ್‌ಮಿಹಾಯ್ ಎಂಬ ಮನೋವಿಜ್ಞಾನಿ ಜನರ ಸೊಂಟಕ್ಕೆ ಪೇಜರ್ ಸಿಕ್ಕಿಸಿ ಕಳಿಸಿದರು. ಅದು ಬೀಪ್ ಎಂದಾಗ ಏನು ಮಾಡುತ್ತಿದ್ದಾರೆ, ಹೇಗನಿಸುತ್ತಿದೆ ಎಂದು ಬರೆಯಬೇಕು. ಇಂದಿನ ಆ್ಯಪ್‌ಗಳ ಅಜ್ಜ ಆ ಪೇಜರ್!

ಅದೇ ಉಪಾಯ ಐಫೋನಿಗೆ ಬಂದಾಗ ಏನಾಯಿತು? 2010ರಲ್ಲಿ ಹಾರ್ವರ್ಡ್ ಸಂಶೋಧಕರು 2,250 ಜನರನ್ನು ಆ್ಯಪ್ ಮೂಲಕ ಕೇಳಿದರು. ಎಚ್ಚರವಿದ್ದ ಹೊತ್ತಿನ ಶೇ. 46.9ರಷ್ಟು ಸಲ ಅವರ ಮನಸ್ಸು ಕೈಯಲ್ಲಿದ್ದ ಕೆಲಸದಲ್ಲಿ ಇರಲೇ ಇಲ್ಲ. ಅರ್ಧ ದಿನ ನಾವು ಬೇರೆಲ್ಲೋ ಇರುತ್ತೇವೆ!

ಮದ್ದು ಇಷ್ಟು ಸುಲಭವೇ?

ಮೀಟಿಂಗ್ ಮೇಲೆ ಮೀಟಿಂಗ್ ಇದ್ದರೆ ತಲೆ ಕೆಡುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಮೈಕ್ರೋಸಾಫ್ಟ್ 2021ರಲ್ಲಿ 14 ಜನರ ತಲೆಗೆ ಮಿದುಳಿನ ಅಲೆ ಓದುವ ಇಇಜಿ ಟೋಪಿ ತೊಡಿಸಿ ನೋಡಿಯೇ ಬಿಟ್ಟಿತು! ಅರ್ಧರ್ಧ ಗಂಟೆಯ ನಾಲ್ಕು ವಿಡಿಯೋ ಮೀಟಿಂಗ್, ನಡುವೆ ಬಿಡುವಿಲ್ಲ. ಒತ್ತಡದ ಅಲೆಗಳು ಏರುತ್ತಲೇ ಹೋದವು. ಇನ್ನೊಂದು ದಿನ ನಡುನಡುವೆ ಹತ್ತು ನಿಮಿಷ ಬಿಡುವು, ಆ ಹೊತ್ತಿನಲ್ಲಿ ಆ್ಯಪ್ ಹಾಕಿಕೊಂಡು ಧ್ಯಾನ. ಅಲೆಗಳು ಪ್ರತಿ ಸಲವೂ ಇಳಿದವು!

ಹತ್ತು ನಿಮಿಷವೂ ಇಲ್ಲವೇ? 40 ಸೆಕೆಂಡ್ ಸಾಕು! ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 150 ವಿದ್ಯಾರ್ಥಿಗಳಿಗೆ ಬೇಸರದ ಕೆಲಸ ಕೊಟ್ಟು ನಡುವೆ 40 ಸೆಕೆಂಡ್ ಒಂದು ಚಿತ್ರ ತೋರಿಸಿದರು. ಕೆಲವರಿಗೆ ಹೂಬಿಟ್ಟ ಹಸಿರು ತಾರಸಿ, ಉಳಿದವರಿಗೆ ಬೋಳು ಕಾಂಕ್ರೀಟ್ ತಾರಸಿ. ಹಸಿರು ಕಂಡವರು ಆಮೇಲೆ ಕಡಿಮೆ ತಪ್ಪು ಮಾಡಿದರು. ಕಂಡದ್ದು ನಿಜವಾದ ಗಿಡವೂ ಅಲ್ಲ, ಪರದೆಯ ಮೇಲಿನ ಚಿತ್ರ!

ನಾಸಾ ನಿದ್ದೆಗೂ ಲೆಕ್ಕ ಇಟ್ಟಿದೆ. ದೂರದ ಹಾರಾಟದಲ್ಲಿ ಪೈಲಟ್‌ಗಳಿಗೆ ಸರದಿಯ ಮೇಲೆ 40 ನಿಮಿಷ ಬಿಡುವು ಕೊಟ್ಟರು. ಅವರು ಸರಾಸರಿ 26 ನಿಮಿಷ ಕಣ್ಣು ಮುಚ್ಚಿದರು. ಕೆಲಸದ ಗುಣಮಟ್ಟ ಶೇ. 34ರಷ್ಟು, ಎಚ್ಚರ ಶೇ. 54ರಷ್ಟು ಮೇಲೇರಿತು! ಊಟದ ನಂತರದ ಕೋಳಿನಿದ್ದೆಗೆ ಇದಕ್ಕಿಂತ ಸಾಕ್ಷಿ ಬೇಕೇ?

ಜೋಕೆ, ಫೋನೇ ದಣಿಸಬಹುದು! ಅಮೆರಿಕದ ಫ್ಲೋರಿಡಾ ಸ್ಟೇಟ್ ವಿಶ್ವವಿದ್ಯಾಲಯದ 2015ರ ಅಧ್ಯಯನದ ಪ್ರಕಾರ, ಫೋನ್ ಮುಟ್ಟದಿದ್ದರೂ ಅದು ಗುಂಯ್‌ಗುಟ್ಟಿದ ಸದ್ದಿಗೇ ಗಮನ ಚದುರಿ ತಪ್ಪುಗಳು ಹೆಚ್ಚುತ್ತವೆ. ದಣಿವು ಅಳೆಯುವ ಆ್ಯಪ್ ಹಾಕಿಕೊಂಡರೆ ಅದರ ನೋಟಿಫಿಕೇಶನ್ ಕಡಿಮೆ ಮಾಡಿಡಿ!

ಲೆಕ್ಕ ಯಾರ ಕೈಯಲ್ಲಿ?

ಈ ಮಾತನ್ನು ಗಮನವಿಟ್ಟು ಓದಿ. ಮೊಜಿಲ್ಲಾ ಸಂಸ್ಥೆ 2022ರಲ್ಲಿ ಮಾನಸಿಕ ಆರೋಗ್ಯ ಮತ್ತು ಪ್ರಾರ್ಥನೆಯ 32 ಆ್ಯಪ್‌ಗಳನ್ನು ಪರಿಶೀಲಿಸಿತು. ಖಾಸಗಿ ಮಾಹಿತಿ ಕಾಯುವ ವಿಷಯದಲ್ಲಿ 28ಕ್ಕೆ ಎಚ್ಚರಿಕೆಯ ಮುದ್ರೆ ಬಿತ್ತು! ಇಳಿಸಿಕೊಳ್ಳುವ ಮುನ್ನ ಅದು ಏನೇನು ಅನುಮತಿ ಕೇಳುತ್ತದೆ ಎಂದು ದಯವಿಟ್ಟು ನೋಡಿ.

ಯುರೋಪಿಯನ್ ಒಕ್ಕೂಟದಲ್ಲಿ 2025ರ ಫೆಬ್ರುವರಿ 2ರಿಂದ ಕೆಲಸದ ಜಾಗದಲ್ಲಿ ನೌಕರರ ಭಾವನೆಗಳನ್ನು ಎಐ ಮೂಲಕ ಓದುವುದು ನಿಷಿದ್ಧ. ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಕ್ಕೆ ಮಾತ್ರ ವಿನಾಯಿತಿ. ತಮಾಷೆ ಎಂದರೆ, ದಣಿವು ಭಾವನೆಯೇ ಅಲ್ಲ, ಅದು ದೇಹದ ಸ್ಥಿತಿ ಎಂದು ಆ ಕಾನೂನೇ ಬಿಡಿಸಿ ಹೇಳುತ್ತದೆ! ಹಾಗಾಗಿ ಪೈಲಟ್, ಚಾಲಕರ ದಣಿವು ಪತ್ತೆಮಾಡುವ ಯಂತ್ರಗಳು ಆ ನಿಷೇಧದ ಹೊರಗೆ ಉಳಿದಿವೆ.

ಫ್ರಾನ್ಸಿನಲ್ಲಿ 2017ರಿಂದ ಕೆಲಸದ ಹೊತ್ತು ಮುಗಿದ ಮೇಲೆ ಇಮೇಲ್‌ನಿಂದ ದೂರ ಇರುವುದು ಹಕ್ಕು! 50 ಅಥವಾ ಹೆಚ್ಚು ನೌಕರರಿರುವ ಕಂಪನಿಗಳು ಈ ಬಗ್ಗೆ ನೌಕರರ ಜೊತೆ ಕೂತು ಮಾತಾಡಲೇಬೇಕು.

ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು ಜಾಸ್ತಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ಇದು ಯಾವ ಆ್ಯಪ್‌ನಲ್ಲೂ ಕೆಂಪು ದೀಪ ಬೆಳಗಿಸಿ ಹೇಳಬೇಕಾದ ಅಂಕಿ!

ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ಗೂ ಇಲ್ಲಿ ಜಾಗವಿದೆ. ತಂತ್ರಜ್ಞಾನದ ಗೀಳಿಗೆಂದೇ ಅಲ್ಲಿ 2014ರಲ್ಲಿ 'ಶಟ್' ಕ್ಲಿನಿಕ್ ತೆರೆಯಿತು. 2022ರಲ್ಲಿ ಶುರುವಾದ ಕೇಂದ್ರ ಸರ್ಕಾರದ 'ಟೆಲಿ ಮನಸ್' ಸಹಾಯವಾಣಿಗೂ ನಿಮ್ಹಾನ್ಸೇ ಮುಖ್ಯ ಕೇಂದ್ರ. 2024ರ ಅಕ್ಟೋಬರ್ 10ರಂದು ಅದರ ಆ್ಯಪ್ ಕೂಡ ಬಂತು! ಫೋನ್ ಸಂಖ್ಯೆ 14416. ಹಗಲು-ರಾತ್ರಿ ತೆರೆದಿರುತ್ತದೆ, ಕಾಸು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ನೀವೂ ನೋಡಿ!

ಒಂದು ವಾರ ಹೀಗೆ ಮಾಡಿ. ದಿನಾ ಬೆಳಿಗ್ಗೆ ಕೆಲಸ ಶುರುಮಾಡುವಾಗ ಒಮ್ಮೆ, ಮಧ್ಯಾಹ್ನ ಒಮ್ಮೆ, ಹೊರಡುವಾಗ ಒಮ್ಮೆ ಮೂರು ನಿಮಿಷದ ಆ ಬೆರಳಾಟ ಆಡಿ. ಅದೇ ಫೋನ್, ಅದೇ ಬೆರಳು, ಅದೇ ಕುರ್ಚಿ. ಅಂಕಿಗಳನ್ನು ಬರೆದಿಡಿ. ನಿಮ್ಮ ಚುರುಕು ಯಾವ ಹೊತ್ತಿಗೆ ಇಳಿಯುತ್ತದೆ ಎಂಬುದು ನಿಮಗೇ ಕಾಣತೊಡಗುತ್ತದೆ!

ಪಕ್ಕದ ಸೀಟಿನವರ ಅಂಕಿಗೆ ಹೋಲಿಸಬೇಡಿ. ಅದು ಪಕ್ಕದ ಮನೆಯವರ ಅಳತೆಗೆ ನಿಮ್ಮ ರವಿಕೆ ಹೊಲಿಸಿದ ಹಾಗೆ! ಒಬ್ಬರಿಗೆ 230 ಸಹಜ, ಇನ್ನೊಬ್ಬರಿಗೆ 290 ಸಹಜ. ನಿಮ್ಮ ಇವತ್ತನ್ನು ನಿಮ್ಮ ನಿನ್ನೆಯ ಪಕ್ಕ ಇಡಿ. ನೋಡಬೇಕಾದ್ದು ಅಷ್ಟೇ.

ಅಂಕಿ ಕೆಟ್ಟ ಹೊತ್ತಿಗೆ ಲೆಕ್ಕಪತ್ರ ತಿದ್ದಬೇಡಿ, ಮುಖ್ಯ ಮೇಲ್ ಕಳಿಸಬೇಡಿ, ದೂರ ಗಾಡಿ ಓಡಿಸಬೇಡಿ. ಎದ್ದು ನಾಲ್ಕು ಹೆಜ್ಜೆ ನಡೆಯಿರಿ, ಕಿಟಕಿಯಾಚೆ ಹಸಿರಿದ್ದರೆ ನೋಡಿ, ರಾತ್ರಿ ಬೇಗ ಮಲಗಿ. ವಾರಗಟ್ಟಲೆ ಅಂಕಿ ಸುಧಾರಿಸದಿದ್ದರೆ, ಮನಸ್ಸೂ ಕುಗ್ಗಿದ್ದರೆ, ಆ್ಯಪ್ ಬದಿಗಿಟ್ಟು ವೈದ್ಯರನ್ನು ಕಾಣಿ. 'ನನಗೇನೂ ಆಗಿಲ್ಲ' ಎನ್ನುವ ಮೊದಲು ಒಮ್ಮೆ ನಿಮ್ಮ ಬೆರಳನ್ನು ಕೇಳಿ. ಅದಕ್ಕೆ ಸುಳ್ಳು ಹೇಳಲು ಬರುವುದಿಲ್ಲ!